ಒತ್ತಕ್ಷರಕ್ಕೂ ಜಾಗ ಬೇಕು: ಕನ್ನಡ ಬರವಣಿಗೆಗೆ ಕಂಪ್ಯೂಟರ್ ಅಣಿ ಮಾಡುವ ಕ್ರಮ

ಸಂಘದ ವಾರ್ಷಿಕ ವರದಿ, ಪಾಲಿಕೆಗೆ ಕೊಡುವ ಮನವಿ, ಶಾಲೆಯ ಪ್ರಶ್ನೆಪತ್ರಿಕೆ, ಮದುವೆ ಆಮಂತ್ರಣದ ಕರಡು, ಬ್ಯಾರಿ ಕವಿತೆ, ತುಳು ನಾಟಕದ ಸಂಭಾಷಣೆ. ಮಂಗಳೂರಿನ ಕಾಟಿಪಳ್ಳ, ಕೃಷ್ಣಾಪುರ, ಸುರತ್ಕಲ್ ಕಡೆಯ ಮನೆಗಳಲ್ಲಿ ಇವೆಲ್ಲ ಈಗ ಕಂಪ್ಯೂಟರಿನಲ್ಲೇ ತಯಾರಾಗುತ್ತವೆ. ಹಿಂದೆ ಕೈಬರಹದ ಹಾಳೆ ಹಿಡಿದು ಡಿಟಿಪಿ ಅಂಗಡಿಗೆ ಹೋಗುತ್ತಿದ್ದವರು ಇಂದು ಮನೆಯ ಲ್ಯಾಪ್‌ಟಾಪಿನಲ್ಲಿ ತಾವೇ ಟೈಪ್ ಮಾಡಿಕೊಳ್ಳುತ್ತಾರೆ. ಆದರೆ ಅರ್ಧ ಗಂಟೆ ಕೂರುವಷ್ಟರಲ್ಲಿ ಕಣ್ಣು ಉರಿಯುತ್ತದೆ. ಸಾಲುಗಳು ಒಂದರ ಮೇಲೊಂದು ಹತ್ತಿ ಕೂತಂತೆ ಕಾಣುತ್ತವೆ. ಪ್ರತಿ ಪದದ ಕೆಳಗೂ ಕೆಂಪು ಗೆರೆ. ಪ್ರಿಂಟ್ ತೆಗೆದರೆ ಪುಟದ ಅಳತೆಯೇ ಬೇರೆ. ಇದೆಲ್ಲ ವಯಸ್ಸಿನ ದೋಷ, ಇಲ್ಲವೇ ಕಂಪ್ಯೂಟರಿನಲ್ಲಿ ಕನ್ನಡ ಎಂದರೆ ಇಷ್ಟೇ ಎಂದುಕೊಂಡು ಬಹಳ ಮಂದಿ ಸುಮ್ಮನಾಗುತ್ತಾರೆ.

ಸುಮ್ಮನಾಗಬೇಕಾಗಿಲ್ಲ. ಈ ಕಿರಿಕಿರಿಯ ದೊಡ್ಡ ಪಾಲು ಬರುವುದು ತಂತ್ರಾಂಶದ ಜತೆಗೇ ಬಂದ ಡೀಫಾಲ್ಟ್ ಸೆಟ್ಟಿಂಗ್‌ಗಳಿಂದ. ಅಕ್ಷರದ ಗಾತ್ರ, ಸಾಲಿನ ಅಂತರ, ಪುಟದ ಅಳತೆ, ತಾನಾಗಿ ತಿದ್ದುವ ಚಾಳಿ ಎಲ್ಲವನ್ನೂ ಇಂಗ್ಲಿಷ್ ಬರೆಯುವವರನ್ನು ಕಣ್ಣ ಮುಂದಿಟ್ಟುಕೊಂಡೇ ಹೊಂದಿಸಲಾಗಿರುತ್ತದೆ. ಕನ್ನಡಕ್ಕೆ ಬೇಕಾದ ಬದಲಾವಣೆಗಳು ಏಳೆಂಟು ಮಾತ್ರ. ಅವನ್ನು ಸರಿಯಾದ ಕ್ರಮದಲ್ಲಿ ಒಮ್ಮೆ ಮಾಡಿ, ಟೆಂಪ್ಲೇಟಿನಲ್ಲಿ ಕೂಡಿಸಿಟ್ಟರೆ ಮುಂದೆ ಪ್ರತಿ ಸಲವೂ ಹೊಸ ಪುಟ ನಿಮಗೆ ಹೊಂದುವಂತೆಯೇ ತೆರೆದುಕೊಳ್ಳುತ್ತದೆ. ಹಣ ಖರ್ಚಿಲ್ಲ. ಒಂದು ಸಂಜೆ ಬಿಡುವು ಮಾಡಿಕೊಂಡರೆ ಸಾಕು.

ಇಲ್ಲಿ ಹೇಳುವ ಕ್ರಮ ಮುಖ್ಯವಾಗಿ ಲಿಬ್ರೆ ಆಫೀಸ್ ರೈಟರ್ ಮತ್ತು ಮೈಕ್ರೋಸಾಫ್ಟ್ ವರ್ಡ್ ಬಳಸುವವರಿಗೆ. ಲಿಬ್ರೆ ಆಫೀಸ್ ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. ಸಾದಾ ನೋಟ್‌ಪ್ಯಾಡ್ ಮತ್ತು ಕೋಡ್ ಎಡಿಟರ್ ಬಳಸುವ ವಿದ್ಯಾರ್ಥಿಗಳಿಗೆ ಕೊನೆಯಲ್ಲಿ ಬೇರೆ ಭಾಗವಿದೆ. ಆವೃತ್ತಿಯಿಂದ ಆವೃತ್ತಿಗೆ ಮೆನುವಿನ ಹೆಸರು ಸ್ವಲ್ಪ ಆಚೀಚೆ ಆಗಬಹುದು, ಕೆಲಸ ಒಂದೇ.

ಮೊದಲು ಕೀಲಿಮಣೆ

ಫಾಂಟ್ ಬದಲಿಸುವ ಆಸೆ ಮೊದಲು ಬರುತ್ತದೆ. ಆದರೆ ಕೈ ಸಲೀಸಾಗಿ ಓಡದಿದ್ದರೆ ಕಣ್ಣಿಗೆ ಎಷ್ಟು ಸುಖ ಕೊಟ್ಟರೂ ಬರವಣಿಗೆ ಸಾಗದು. ಆದ್ದರಿಂದ ಕೀಲಿಮಣೆಯಿಂದ ಶುರು ಮಾಡಿ.

ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ದೊಡ್ಡ ಹೆಮ್ಮೆ ಇದೆ. ಕನ್ನಡದ ಅಕ್ಷರಗಳನ್ನು ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯ ಮೇಲೆ ಸರಳವಾಗಿ ಕೂರಿಸಿಕೊಟ್ಟವರು ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ಅವರು ಕನ್ನಡ ತಂತ್ರಾಂಶವನ್ನು ರೂಪಿಸಿದರು. ಅವರ ಕೀಲಿಮಣೆ ವಿನ್ಯಾಸವನ್ನೇ ಮುಂದೆ ಕನ್ನಡ ಗಣಕ ಪರಿಷತ್ತು (ಕಗಪ) ಆಧಾರವಾಗಿ ಇಟ್ಟುಕೊಂಡಿತು. ‘ನುಡಿ’ ತಂತ್ರಾಂಶ ಬಳಸುವವರು ಇಂದಿಗೂ ಟೈಪ್ ಮಾಡುವುದು ಅದೇ ದಾರಿಯಲ್ಲಿ. ಅದರ ತರ್ಕ ಚೊಕ್ಕವಾಗಿದೆ. ಇಂಗ್ಲಿಷಿನ ಕೆ ಒತ್ತಿದರೆ ಕ, ಶಿಫ್ಟ್ ಜತೆಗೆ ಒತ್ತಿದರೆ ಖ. ವ್ಯಂಜನಗಳನ್ನು ಒತ್ತಕ್ಷರವಾಗಿ ಕೂಡಿಸಲು ನಡುವೆ ಎಫ್. ಅಂದರೆ ಕೆ, ಎಫ್, ಕೆ ಎಂದು ಒತ್ತಿದರೆ ಕ್ಕ. ಬರೆಯುವ ಕ್ರಮವೂ ಟೈಪ್ ಮಾಡುವ ಕ್ರಮವೂ ಒಂದೇ ಆಗಿರುವುದರಿಂದ ಕಲಿಯುವುದು ಸುಲಭ.

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಟೈಮ್ ಆಂಡ್ ಲ್ಯಾಂಗ್ವೇಜ್ ಭಾಗದಲ್ಲಿ ಕನ್ನಡವನ್ನು ಸೇರಿಸಿ. ಅಲ್ಲಿ ಇನ್‌ಸ್ಕ್ರಿಪ್ಟ್ ಕೀಲಿಮಣೆ ಸಿಗುತ್ತದೆ. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ ಬರುವಂತೆ ಭಾರತೀಯ ಭಾಷೆಗಳಿಗೆಲ್ಲ ಒಂದೇ ಮಾದರಿಯಲ್ಲಿ ಮಾಡಿದ ವಿನ್ಯಾಸ ಅದು. ಇಂಗ್ಲಿಷ್ ಉಚ್ಚಾರಣೆಯಂತೆ ಟೈಪ್ ಮಾಡುವ ಕನ್ನಡ ಫೊನೆಟಿಕ್ ಕೀಲಿಮಣೆಯೂ 2019ರ ನಂತರದ ವಿಂಡೋಸ್ 10 ಮತ್ತು 11ರಲ್ಲಿ ಇದೆ. ಕಗಪ ವಿನ್ಯಾಸವೇ ಬೇಕೆಂದರೆ ನುಡಿ ಹಾಕಿಕೊಳ್ಳಬಹುದು. ಲಿನಕ್ಸ್‌ನಲ್ಲಿ ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡದ ಅಡಿಯಲ್ಲೇ ಕಗಪ ಇರುತ್ತದೆ, ಬೇರೇನೂ ಇಳಿಸಿಕೊಳ್ಳಬೇಕಾಗಿಲ್ಲ. ನಿಮಗೆ ಯಾವುದು ಅಭ್ಯಾಸವೋ ಅದನ್ನೇ ಇಟ್ಟುಕೊಳ್ಳಿ, ಉಳಿದವನ್ನು ಪಟ್ಟಿಯಿಂದ ತೆಗೆದುಹಾಕಿ. ಮೂರು ನಾಲ್ಕು ಕೀಲಿಮಣೆ ಪಟ್ಟಿಯಲ್ಲಿದ್ದರೆ ಭಾಷೆ ಬದಲಿಸುವಾಗಲೆಲ್ಲ ತಪ್ಪು ಕೀಲಿಮಣೆಗೆ ಹೋಗಿ ನಿಲ್ಲುತ್ತೀರಿ.

ಭಾಷೆ ಬದಲಿಸಲು ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ. ಇನ್ನೊಂದು ಉಪಯುಕ್ತ ಸೆಟ್ಟಿಂಗ್ ವಿಂಡೋಸ್‌ನ ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿದೆ. ಪ್ರತಿ ಕಿಟಕಿಗೂ ಬೇರೆ ಬೇರೆ ಇನ್‌ಪುಟ್ ಇರಲಿ ಎಂಬ ಆಯ್ಕೆಗೆ ಅಲ್ಲಿ ಗುರುತು ಹಾಕಿದರೆ, ಬರೆಯುವ ಪುಟದಲ್ಲಿ ಕನ್ನಡ, ಬ್ರೌಸರಿನಲ್ಲಿ ಇಂಗ್ಲಿಷ್ ಹಾಗೆಯೇ ಉಳಿಯುತ್ತವೆ. ನಡುನಡುವೆ ಮಾಹಿತಿ ಹುಡುಕುತ್ತ ಬರೆಯುವವರಿಗೆ ಇದರಷ್ಟು ನೆಮ್ಮದಿ ಕೊಡುವ ಬದಲಾವಣೆ ಇನ್ನೊಂದಿಲ್ಲ.

ಫಾಂಟ್ ಬದಲಾಗುತ್ತಿಲ್ಲ ಏಕೆ?

ಪಠ್ಯವನ್ನೆಲ್ಲ ಆಯ್ದು, ಮೇಲಿನ ಪಟ್ಟಿಯಲ್ಲಿ ಹೊಸ ಫಾಂಟ್ ಒತ್ತಿ, ಸಾಲಿನಲ್ಲಿರುವ ಇಂಗ್ಲಿಷ್ ಪದಗಳು ಮಾತ್ರ ಬದಲಾಗಿ ಕನ್ನಡ ಇದ್ದಂತೆಯೇ ಉಳಿದದ್ದನ್ನು ನೀವೂ ಕಂಡಿರಬಹುದು. ಮುಂದಿನ ಸಲ ಹೊಸ ಫೈಲ್ ತೆರೆದಾಗ ಎಲ್ಲವೂ ಹಳೆಯ ಸ್ಥಿತಿಗೇ ಮರಳಿರುತ್ತದೆ. ಇದಕ್ಕೆ ಕಾರಣವಿದೆ. ವರ್ಡ್ ಮತ್ತು ರೈಟರ್ ಎರಡೂ ಒಂದೊಂದು ದಾಖಲೆಗೆ ಎರಡು ಫಾಂಟ್‌ಗಳನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತವೆ. ಒಂದು ಇಂಗ್ಲಿಷಿನಂಥ ಲಿಪಿಗಳಿಗೆ, ಇನ್ನೊಂದು ಕನ್ನಡ, ಹಿಂದಿ, ಅರಬ್ಬಿಯಂಥ ‘ಕಾಂಪ್ಲೆಕ್ಸ್’ ಲಿಪಿಗಳಿಗೆ. ಗಾತ್ರವೂ ಎರಡಕ್ಕೂ ಬೇರೆ ಬೇರೆ.

ರೈಟರಿನಲ್ಲಿ ಟೂಲ್ಸ್ ಮೆನುವಿನ ಆಪ್ಷನ್ಸ್ ತೆರೆಯಿರಿ. ಭಾಷೆಯ ಸೆಟ್ಟಿಂಗ್‌ಗಳ ಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬ ಸಾಲಿಗೆ ಗುರುತು ಹಾಕಿ, ಅದರ ಎದುರಿನ ಭಾಷೆಯನ್ನು ಕನ್ನಡ ಎಂದು ಆರಿಸಿ. ಆಮೇಲೆ ಅದೇ ಆಪ್ಷನ್ಸ್‌ನಲ್ಲಿ ಲಿಬ್ರೆ ಆಫೀಸ್ ರೈಟರ್ ಭಾಗಕ್ಕೆ ಹೋದರೆ ಬೇಸಿಕ್ ಫಾಂಟ್ಸ್ ಎಂಬುದು ಎರಡು ಸಲ ಕಾಣುತ್ತದೆ. ಸಿಟಿಎಲ್ ಎಂದು ಬರೆದಿರುವುದು ನಮ್ಮದು. ಅಲ್ಲಿ ಕನ್ನಡದ ಫಾಂಟನ್ನೂ ಗಾತ್ರವನ್ನೂ ಹಾಕಿ.

ವರ್ಡ್‌ನಲ್ಲಿ ಕಂಟ್ರೋಲ್ ಮತ್ತು ಡಿ ಒತ್ತಿದರೆ ಫಾಂಟ್ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಎಂಬ ಭಾಗ ಬೇರೆಯೇ ಇರುತ್ತದೆ. ಕನ್ನಡದ ಫಾಂಟನ್ನು ಅಲ್ಲಿ ಆರಿಸಿ, ಕೆಳಗಿರುವ ಸೆಟ್ ಆ್ಯಸ್ ಡೀಫಾಲ್ಟ್ ಒತ್ತಿ, ‘ನಾರ್ಮಲ್ ಟೆಂಪ್ಲೇಟಿನ ಎಲ್ಲ ದಾಖಲೆಗಳಿಗೂ’ ಎಂಬ ಆಯ್ಕೆ ಕೊಡಿ. ಆ ಭಾಗವೇ ಕಾಣದಿದ್ದರೆ ಕನ್ನಡ ಭಾಷೆಯನ್ನು ಇನ್ನೂ ಸೇರಿಸಿಲ್ಲ ಎಂದು ಅರ್ಥ. ಆಪ್ಷನ್ಸ್‌ನ ಲ್ಯಾಂಗ್ವೇಜ್ ಭಾಗದಲ್ಲಿ ಸೇರಿಸಿ, ವರ್ಡ್ ಮುಚ್ಚಿ ಮತ್ತೆ ತೆರೆಯಿರಿ.

ಯಾವ ಫಾಂಟ್? ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಮತ್ತು ತುಂಗಾ, ಲಿನಕ್ಸ್‌ನಲ್ಲಿ ಲೋಹಿತ್ ಕನ್ನಡ ಅಥವಾ ನೋಟೋ ಸಾನ್ಸ್ ಕನ್ನಡ ಸಾಮಾನ್ಯವಾಗಿ ಸಿಗುತ್ತವೆ. ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ಟಿರೋ ಕನ್ನಡಗಳನ್ನು ಗೂಗಲ್ ಫಾಂಟ್ಸ್‌ನಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ನವಿಲು, ಗುಬ್ಬಿಯಂಥ ಮುಕ್ತ ಫಾಂಟ್‌ಗಳೂ ಇವೆ. ಹೆಸರು ನೋಡಿ ಆರಿಸುವ ಬದಲು ಪರೀಕ್ಷೆ ಮಾಡಿ ಆರಿಸಿ. ಈ ಪದಗಳನ್ನು ಒಂದೇ ಸಾಲಿನಲ್ಲಿ ಟೈಪ್ ಮಾಡಿ: ರಾಷ್ಟ್ರ, ಸ್ತ್ರೀ, ಷಷ್ಠಿ, ಉತ್ಕೃಷ್ಟ, ಜ್ಞಾನ, ದಾನ, ಧಾನ್ಯ, ಬಾರ, ಭಾರ, ಪಲ್ಯ, ಫಲ, ಮನ, ವನ, ಕಠಿಣ, ಕರುಣೆ.

ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತು ಓದಿ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಇವುಗಳ ನಡುವಿನ ವ್ಯತ್ಯಾಸ ಕೆಳಗಿರುವ ಒಂದು ಸಣ್ಣ ಸೀಳು ಮಾತ್ರ. ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕಿ. ಗಾತ್ರ ಸಾಲದಿದ್ದರೆ ಆ ಸೀಳು, ಚುಕ್ಕಿಗಳು ಪರದೆಯಲ್ಲಿ ಕರಗಿಹೋಗುತ್ತವೆ. ಓದುವಾಗ ಮಿದುಳು ಊಹೆಯಿಂದ ತುಂಬಿಕೊಳ್ಳುತ್ತದೆ, ಕರಡು ತಿದ್ದುವಾಗ ತಪ್ಪು ಕಣ್ಣಿಗೆ ಬೀಳದೆ ಜಾರುತ್ತದೆ. ವರ್ಡ್‌ನಲ್ಲಿ ಬಹುಕಾಲ ಇದ್ದ 11 ಪಾಯಿಂಟ್ ಗಾತ್ರ ಇಂಗ್ಲಿಷಿಗೆ ಸಾಕು, ಕನ್ನಡಕ್ಕೆ ಸಾಲದು. ಮುದ್ರಣಕ್ಕೆ 12ರಿಂದ 13 ಪಾಯಿಂಟ್ ಇಟ್ಟುಕೊಳ್ಳಿ. ಪರದೆಯ ಮೇಲೆ ಇನ್ನೂ ದೊಡ್ಡದು ಬೇಕೆನಿಸಿದರೆ ಫಾಂಟ್ ಹಿಗ್ಗಿಸಬೇಡಿ, ಝೂಮ್ ಹೆಚ್ಚಿಸಿ. ಕಂಟ್ರೋಲ್ ಒತ್ತಿ ಹಿಡಿದು ಮೌಸಿನ ಚಕ್ರ ತಿರುಗಿಸಿದರೆ ಆಯಿತು. ಝೂಮ್ ಕಣ್ಣಿಗೆ, ಗಾತ್ರ ಕಾಗದಕ್ಕೆ. ಇವೆರಡನ್ನು ಬೇರೆ ಇಟ್ಟರೆ ಪುಟಗಳ ಲೆಕ್ಕ ಕೆಡುವುದಿಲ್ಲ.

ಸಾಲಿನ ಕೆಳಗೆ ಉಸಿರಾಡಲು ಜಾಗ

ಇಂಗ್ಲಿಷಿನ ಸಾಲಿನಲ್ಲಿ ಕೆಳಕ್ಕೆ ಇಳಿಯುವ ಅಕ್ಷರಗಳು ಕೆಲವು ಮಾತ್ರ, ಇಳಿಯುವುದೂ ಸ್ವಲ್ಪವೇ. ಕನ್ನಡದಲ್ಲಿ ಗುಣಿತದ ಗುರುತು ಮೇಲೇರುತ್ತದೆ, ಒತ್ತು ಕೆಳಗಿಳಿಯುತ್ತದೆ. ‘ರಾಷ್ಟ್ರ’ದಲ್ಲಿ ಎರಡು ಒತ್ತುಗಳಿಗೆ ಜಾಗ ಬೇಕು. ಸಾಲುಗಳು ಹತ್ತಿರವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟನ್ನು ಮುಟ್ಟುತ್ತದೆ. ಕಣ್ಣು ಸಾಲಿನಿಂದ ಸಾಲಿಗೆ ಜಾರುವುದು, ಓದಿದ ಸಾಲನ್ನೇ ಮತ್ತೆ ಓದುವುದು ಇಲ್ಲಿಂದಲೇ.

ಮಂಗಳೂರಿಗೆ ಇದು ಹೊಸ ಪಾಠವೇನಲ್ಲ. 1841ರಲ್ಲಿ ಇಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಶುರುವಾಯಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದು ಈ ಊರಿನಿಂದ. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ. ಅಚ್ಚುಮೊಳೆಯ ಕಾಲದಲ್ಲಿ ಮೊಳೆ ಜೋಡಿಸುವವರು ಸಾಲುಗಳ ನಡುವೆ ಸೀಸದ ತೆಳು ಪಟ್ಟಿ ಇಟ್ಟು ಅಂತರ ಹೊಂದಿಸುತ್ತಿದ್ದರು. ಆ ನಿರ್ಧಾರ ಈಗ ಬರೆಯುವವರ ಕೈಗೇ ಬಂದಿದೆ.

ಸಾಲಿನ ಅಂತರವನ್ನು ಫಾಂಟ್ ಆರಿಸಿದ ಮೇಲೆಯೇ ಹೊಂದಿಸಬೇಕು. ಏಕೆಂದರೆ ‘ಸಿಂಗಲ್’ ಅಂತರ ಎಷ್ಟಿರಬೇಕೆಂದು ಹೇಳುವುದು ಫಾಂಟೇ, ಒಂದು ಫಾಂಟಿನ ಸಿಂಗಲ್ ಇನ್ನೊಂದರ ಸಿಂಗಲ್‌ಗೆ ಸಮನಲ್ಲ. ರೈಟರಿನಲ್ಲಿ ಪ್ಯಾರಾಗ್ರಾಫ್ ಪೆಟ್ಟಿಗೆ ತೆರೆದು ಪ್ರಪೋರ್ಷನಲ್ ಆರಿಸಿ, 130ರಿಂದ 150 ಶೇಕಡದ ನಡುವೆ ಎರಡು ಮೂರು ಅಳತೆ ಹಾಕಿ ನೋಡಿ. ವರ್ಡ್‌ನಲ್ಲಿ ಮಲ್ಟಿಪಲ್ ಆರಿಸಿ 1.3ರಿಂದ 1.5. ಎರಡರಲ್ಲೂ ಇರುವ ಎಕ್ಸಾಕ್ಟ್ಲಿ ಅಥವಾ ಫಿಕ್ಸ್ಡ್ ಎಂಬ ಆಯ್ಕೆಯನ್ನು ಕನ್ನಡಕ್ಕೆ ಬಳಸಬೇಡಿ. ಹೇಳಿದ ಅಳತೆಗಿಂತ ಹೊರಗೆ ಹೋದ ಭಾಗವನ್ನು ಅದು ಕತ್ತರಿಸುತ್ತದೆ. ಒತ್ತಿನ ಬಾಲ ಕಾಣೆಯಾಗಿದ್ದರೆ ಬಹುಪಾಲು ಕಾರಣ ಇದೇ.

ಇದನ್ನು ಪ್ರತಿ ಪ್ಯಾರಾಕ್ಕೂ ಕೈಯಿಂದ ಹಾಕುತ್ತ ಹೋಗಬೇಡಿ. ರೈಟರಿನಲ್ಲಿ ಎಫ್11 ಒತ್ತಿದರೆ ಸ್ಟೈಲ್‌ಗಳ ಪಟ್ಟಿ ಬರುತ್ತದೆ. ಡೀಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲ್ ಮೇಲೆ ಬಲಗುಂಡಿ ಒತ್ತಿ, ಎಡಿಟ್ ಆರಿಸಿ, ಅಲ್ಲಿಯೇ ಅಂತರ ಹಾಕಿ. ವರ್ಡ್‌ನಲ್ಲಿ ನಾರ್ಮಲ್ ಸ್ಟೈಲಿನ ಮೇಲೆ ಮಾಡಿಫೈ. ಒಂದು ಕಡೆ ಬದಲಿಸಿದರೆ ಇಡೀ ದಾಖಲೆ ಬದಲಾಗುತ್ತದೆ.

ಪುಟದ ಅಳತೆಯನ್ನೂ ಈಗಲೇ ನೋಡಿಬಿಡಿ. ಕಂಪ್ಯೂಟರಿನ ಪ್ರದೇಶ ಅಮೆರಿಕ ಎಂದಿದ್ದರೆ ಪುಟ ‘ಲೆಟರ್’ ಅಳತೆಯಲ್ಲಿ ತೆರೆದುಕೊಳ್ಳುತ್ತದೆ. ನಮ್ಮ ಝೆರಾಕ್ಸ್ ಅಂಗಡಿಗಳಲ್ಲಿ ಇರುವುದು ಎ4, ಅಂದರೆ 210 ಮತ್ತು 297 ಮಿಲಿಮೀಟರ್. ಮನೆಯಲ್ಲಿ ಎರಡೇ ಪುಟವಿದ್ದ ಮನವಿ ಅಂಗಡಿಯಲ್ಲಿ ಮೂರನೇ ಪುಟಕ್ಕೆ ಹರಿಯಬಾರದೆಂದರೆ ಪೇಜ್ ಸ್ಟೈಲ್ ಅಥವಾ ಪೇಜ್ ಸೆಟಪ್‌ನಲ್ಲಿ ಎ4 ಇರಬೇಕು. ಜತೆಗೆ ಪ್ರದೇಶವನ್ನು ಭಾರತ ಎಂದು ಬದಲಿಸಿದರೆ ದಿನಾಂಕವೂ ನಮ್ಮ ಕ್ರಮದಲ್ಲೇ ಬರುತ್ತದೆ, ಮೊದಲು ದಿನ, ಆಮೇಲೆ ತಿಂಗಳು.

ಕೆಂಪು ಗೆರೆಗಳ ಕಾಟ

ಕಾಟಿಪಳ್ಳದ ಒಂದೇ ಓಣಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ ಕೇಳಿಸುತ್ತವೆ. ಈ ನಾಲ್ಕನ್ನೂ ನಾವು ಇಲ್ಲಿ ಹೆಚ್ಚಾಗಿ ಬರೆಯುವುದು ಕನ್ನಡ ಲಿಪಿಯಲ್ಲೇ. ತುಳು–ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ರಲ್ಲಿ ಸೇರಿದೆ, ಅದು ಸಂತೋಷದ ಸಂಗತಿ. ಆದರೆ ದಿನನಿತ್ಯದ ತುಳು ಬರಹ ಇಂದಿಗೂ ಕನ್ನಡ ಅಕ್ಷರಗಳಲ್ಲೇ ನಡೆಯುತ್ತಿದೆ. ಕಾಗುಣಿತ ನೋಡುವ ತಂತ್ರಾಂಶಕ್ಕೆ ಈ ಭೇದ ತಿಳಿಯದು. ಪುಟದ ಭಾಷೆ ಇಂಗ್ಲಿಷ್ ಎಂದಿದ್ದರೆ ಎಲ್ಲ ಪದಗಳೂ ತಪ್ಪು ಎನ್ನುತ್ತದೆ, ಕನ್ನಡ ಎಂದಿದ್ದರೂ ತುಳು, ಬ್ಯಾರಿ ಪದಗಳನ್ನು ತಪ್ಪು ಎನ್ನುತ್ತದೆ. ನಮ್ಮದೇ ಮಾತಿನ ಕೆಳಗೆ ಕೆಂಪು ಗೆರೆ ಕಾಣುತ್ತ ಬರೆಯುವುದು ಮನಸ್ಸನ್ನು ಕುಗ್ಗಿಸುತ್ತದೆ. ಹೊಸದಾಗಿ ಬರೆಯಲು ಹೊರಟವರಿಗಂತೂ ತಮ್ಮ ಭಾಷೆಯಲ್ಲೇ ಏನೋ ಕೊರತೆ ಇದೆ ಎನಿಸಿಬಿಡುತ್ತದೆ. ಕೊರತೆ ಇರುವುದು ತಂತ್ರಾಂಶದ ಪದಪಟ್ಟಿಯಲ್ಲಿ.

ಬರೆಯುವ ಹೊತ್ತಿನಲ್ಲಿ ಈ ಗೆರೆಗಳನ್ನು ಆಫ್ ಮಾಡಿಬಿಡಿ. ರೈಟರಿನಲ್ಲಿ ಶಿಫ್ಟ್ ಮತ್ತು ಎಫ್7, ವರ್ಡ್‌ನಲ್ಲಿ ಆಪ್ಷನ್ಸ್‌ನ ಪ್ರೂಫಿಂಗ್ ಭಾಗ. ಬರೆದು ಮುಗಿಸಿದ ಮೇಲೆ ಬೇಕಾದರೆ ಮತ್ತೆ ಹಾಕಿಕೊಳ್ಳಿ. ಪದೇಪದೇ ಬರುವ ಊರು, ಮನೆತನ, ದೈವ, ಸಂಸ್ಥೆಗಳ ಹೆಸರುಗಳ ಮೇಲೆ ಬಲಗುಂಡಿ ಒತ್ತಿ ನಿಘಂಟಿಗೆ ಸೇರಿಸುತ್ತ ಹೋದರೆ, ಕ್ರಮೇಣ ನಿಮ್ಮದೇ ಒಂದು ಪದಪಟ್ಟಿ ಬೆಳೆಯುತ್ತದೆ.

ತಾನಾಗಿ ತಿದ್ದುವ ಆಟೋಕರೆಕ್ಟ್ ಕೂಡ ಹೀಗೆಯೇ. 1 ಎಂದು ಬರೆದು ಚುಕ್ಕಿ ಇಟ್ಟ ಕೂಡಲೇ ಪಟ್ಟಿ ಶುರುಮಾಡುವುದು, ಇಂಗ್ಲಿಷ್ ಪದದ ಮೊದಲ ಅಕ್ಷರವನ್ನು ದೊಡ್ಡದು ಮಾಡುವುದು, ಇಂಥವು ಬೇಡವಾದರೆ ಆಟೋಕರೆಕ್ಟ್ ಆಪ್ಷನ್ಸ್‌ನಲ್ಲಿ ಗುರುತು ತೆಗೆಯಿರಿ. ಆದರೆ ಅದರಲ್ಲಿರುವ ‘ಇದರ ಬದಲು ಅದು’ ಎಂಬ ಕೋಷ್ಟಕವನ್ನು ಮಾತ್ರ ಬಿಡಬೇಡಿ, ಅದು ಚಿನ್ನದಂಥ ಸೌಲಭ್ಯ. ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟುವಾಗ ನೆಲೆ ಬಿಟ್ಟುಬಂದ ಕುಟುಂಬಗಳ ಪುನರ್ವಸತಿಯಿಂದ ಬೆಳೆದ ಬಡಾವಣೆ ನಮ್ಮ ಕಾಟಿಪಳ್ಳ. ಬ್ಲಾಕ್ ಸಂಖ್ಯೆ, ನಿವೇಶನದ ವಿವರ ಹಾಕಿ ಕಚೇರಿಗಳಿಗೆ ಬರೆಯುವ ಪತ್ರಗಳು ಇಲ್ಲಿ ಕಡಿಮೆಯಲ್ಲ. ‘ಮಮಪಾ’ ಎಂದು ಟೈಪ್ ಮಾಡಿ ಸ್ಪೇಸ್ ಒತ್ತಿದರೆ ‘ಮಂಗಳೂರು ಮಹಾನಗರ ಪಾಲಿಕೆ’ ಎಂದು ಬರುವಂತೆ, ‘ವಿಳಾ’ ಎಂದರೆ ನಿಮ್ಮ ಪೂರ್ತಿ ವಿಳಾಸ ಬರುವಂತೆ ಆ ಕೋಷ್ಟಕದಲ್ಲಿ ಬರೆದಿಡಿ. ರೈಟರಿನಲ್ಲಿ ಈ ಕೋಷ್ಟಕ ಭಾಷೆಗೊಂದು ಇರುತ್ತದೆ, ಆದ್ದರಿಂದ ಮೇಲೆ ಕನ್ನಡ ಅಥವಾ ‘ಎಲ್ಲ ಭಾಷೆ’ ಆರಿಸಿಕೊಂಡು ಸೇರಿಸಿ. ಪದವಾಗಿ ಬೇರೆಲ್ಲೂ ಬಳಕೆಯಾಗದ ಸಂಕ್ಷೇಪವನ್ನೇ ಆರಿಸಿ, ಇಲ್ಲದಿದ್ದರೆ ಬೇಡದ ಕಡೆ ವಿಳಾಸ ಹರಿದುಬರುತ್ತದೆ.

ಕರೆಂಟ್ ಹೋದರೂ ಬರಹ ಉಳಿಯಲಿ

ಕರಾವಳಿಯಲ್ಲಿ ಮಳೆಗಾಲದ ಮೊದಲು ಮತ್ತು ಕೊನೆಗೆ ಸಂಜೆಯ ಗುಡುಗು ಸಿಡಿಲು ಖಾಯಂ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಬರೆಯುವವರಿಗೆ ಕರೆಂಟ್ ಹೋಯಿತೆಂದರೆ ಬರೆದದ್ದೂ ಹೋಯಿತು. ವರ್ಡ್ ಮತ್ತು ರೈಟರ್ ಎರಡೂ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಮರುಪಡೆಯುವ ಮಾಹಿತಿಯನ್ನು ಉಳಿಸಿಕೊಳ್ಳುತ್ತವೆ. ಮನಸ್ಸು ಕೂಡಿಬಂದು ಬರೆಯುವಾಗ 10 ನಿಮಿಷದಲ್ಲಿ ಒಂದು ಒಳ್ಳೆಯ ಪ್ಯಾರಾ ಹುಟ್ಟುತ್ತದೆ, ಅದು ಮತ್ತೆ ಅದೇ ರೂಪದಲ್ಲಿ ಬಾರದು. ಈ ಅವಧಿಯನ್ನು 2 ನಿಮಿಷಕ್ಕೆ ಇಳಿಸಿ. ರೈಟರಿನಲ್ಲಿ ಆಪ್ಷನ್ಸ್‌ನ ಲೋಡ್/ಸೇವ್ ಭಾಗದ ಜನರಲ್, ವರ್ಡ್‌ನಲ್ಲಿ ಆಪ್ಷನ್ಸ್‌ನ ಸೇವ್.

ರೈಟರಿನಲ್ಲಿ ಅಲ್ಲೇ ‘ಯಾವಾಗಲೂ ಬ್ಯಾಕಪ್ ಪ್ರತಿ ಮಾಡು’ ಎಂಬ ಸಾಲೂ ಇದೆ, ಗುರುತು ಹಾಕಿ. ಪ್ರತಿ ಸಲ ಸೇವ್ ಮಾಡುವಾಗ ಹಿಂದಿನ ಪ್ರತಿ ಬೇರೆಯಾಗಿ ಉಳಿಯುತ್ತದೆ. ಮರುಪಡೆಯುವ ವ್ಯವಸ್ಥೆ ಅಪಘಾತಕ್ಕೆ ಮಾತ್ರ. ಹೊಸ ಪುಟ ತೆರೆದ ಕೂಡಲೇ, ಒಂದು ಸಾಲು ಬರೆಯುವ ಮೊದಲೇ ಹೆಸರು ಕೊಟ್ಟು ಸೇವ್ ಮಾಡುವುದು ಮತ್ತು ಪ್ಯಾರಾ ಮುಗಿದಾಗಲೆಲ್ಲ ಕಂಟ್ರೋಲ್ ಎಸ್ ಒತ್ತುವುದು ಕೈಗೆ ಅಭ್ಯಾಸವಾಗಬೇಕು.

ಕಣ್ಣಿಗೆ ಕಾಣದ ತೊಡಕುಗಳು

ಹಳೆಯ ವರದಿಯ ಫೈಲ್ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆಯೇ? ಅದು ಯೂನಿಕೋಡ್‌ಗೆ ಮೊದಲಿನ ಆಸ್ಕಿ ಫಾಂಟಿನ ಬರಹ. ಹಳೆಯ ನುಡಿ, ಬರಹ ತಂತ್ರಾಂಶಗಳ ಎಷ್ಟೋ ಫೈಲ್‌ಗಳು ಹೀಗಿವೆ. ಅವು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿದ್ದವು, ಆ ಫಾಂಟ್ ಇಲ್ಲದ ಕಡೆ ಓದಲಾಗದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ 128 ಸ್ಥಾನಗಳ ಸ್ವಂತ ಜಾಗವಿದೆ. ಹಳೆಯ ಫೈಲ್‌ಗಳನ್ನು ಪರಿವರ್ತಕದ ಮೂಲಕ ಒಮ್ಮೆ ಯೂನಿಕೋಡ್‌ಗೆ ತಂದುಕೊಳ್ಳಿ, ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ, ಮುಂದೆ ಯೂನಿಕೋಡ್‌ನಲ್ಲೇ ಬರೆಯಿರಿ.

‘ಡಾಕ್ಟರ್‌ಗಳು’ ಎಂದು ಬರೆಯಹೋದರೆ ‘ಡಾಕ್ಟರ್ಗಳು’ ಎಂದು ಅರ್ಕಾವೊತ್ತು ಬಂದುಬಿಡುತ್ತದೆ. ತುಳು, ಬ್ಯಾರಿ, ಕೊಂಕಣಿ ಪದಗಳ ನಡುವೆ ಅರ್ಧಾಕ್ಷರ ಬಿಡಿಯಾಗಿ ನಿಲ್ಲಬೇಕಾದಾಗಲೂ ಇದೇ ಪಾಡು. ಅಕ್ಷರಗಳು ಕೂಡದಂತೆ ತಡೆಯಲು ಯೂನಿಕೋಡ್‌ನಲ್ಲಿ ಕಾಣದ ಗುರುತೊಂದಿದೆ, ಅದರ ಹೆಸರು ಝೀರೋ ವಿಡ್ತ್ ನಾನ್ ಜಾಯಿನರ್. ವರ್ಡ್ ಮತ್ತು ರೈಟರಿನಲ್ಲಿ ಅರ್ಧಾಕ್ಷರದ ನಂತರ 200 ಎಂದು ಬರೆದು, ಅದಕ್ಕೆ ಅಂಟಿಕೊಂಡಂತೆ ಇಂಗ್ಲಿಷಿನ ಸಿ ಅಕ್ಷರ ಟೈಪ್ ಮಾಡಿ, ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಆ ಬರಹ ಮಾಯವಾಗಿ ಗುರುತು ಕೂರುತ್ತದೆ. ಆಮೇಲೆ ಗ ಬರೆಯಿರಿ. ನಿಮ್ಮ ಕೀಲಿಮಣೆಯಲ್ಲೇ ಇದಕ್ಕೊಂದು ಕೀಲಿ ಇದೆಯೇ ಎಂದು ಅದರ ಸಹಾಯ ಪುಟದಲ್ಲಿ ನೋಡಿಕೊಂಡರೆ ಇನ್ನೂ ಸುಲಭ.

ಹುಡುಕಿದ ಪದ ಪುಟದಲ್ಲೇ ಇದ್ದರೂ ಸಿಗುತ್ತಿಲ್ಲವೆಂದರೆ ಎರಡು ಸಂಗತಿ ಪರೀಕ್ಷಿಸಿ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಕೂತಿರಬಹುದು, ನೋಡಲು ಎರಡೂ ಒಂದೇ. ಇಲ್ಲವೇ ‘ಕೊ’ದಂಥ ಅಕ್ಷರದಲ್ಲಿ ಒ ಗುರುತು ಒಂದೇ ಸಂಕೇತವಾಗಿರದೆ, ಎ ಗುರುತು ಮತ್ತು ಊ ಗುರುತು ಸೇರಿ ಎರಡು ಸಂಕೇತಗಳಾಗಿರಬಹುದು. ಯೂನಿಕೋಡ್ ಎರಡನ್ನೂ ಸಮಾನವೆನ್ನುತ್ತದೆ, ಆದರೆ ಎಲ್ಲ ತಂತ್ರಾಂಶಗಳ ಹುಡುಕಾಟ ಹಾಗೆ ಭಾವಿಸುವುದಿಲ್ಲ. ಬೇರೆಯವರಿಂದ ಬಂದ ಬರಹದಲ್ಲಿ ಒಮ್ಮೆ ಬದಲಿಸಿಕೊಂಡರೆ ಮುಂದೆ ಹುಡುಕಾಟ ಸರಿಯಾಗುತ್ತದೆ.

ವಾಟ್ಸ್‌ಆ್ಯಪ್ ಅಥವಾ ಜಾಲತಾಣದಿಂದ ಅಂಟಿಸಿದ ಬರಹ ತನ್ನ ಬಣ್ಣ, ಗಾತ್ರ, ಫಾಂಟ್ ಹೊತ್ತು ತಂದು ನೀವು ಹೊಂದಿಸಿದ್ದನ್ನೆಲ್ಲ ಕೆಡಿಸುತ್ತದೆ. ವರ್ಡ್‌ನ ಆಪ್ಷನ್ಸ್, ಅಡ್ವಾನ್ಸ್ಡ್ ಭಾಗದಲ್ಲಿ ಬೇರೆಡೆಯಿಂದ ಅಂಟಿಸುವಾಗ ‘ಕೀಪ್ ಟೆಕ್ಸ್ಟ್ ಓನ್ಲಿ’ ಎಂದು ಇಡಿ. ರೈಟರಿನಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್ ಜತೆಗೆ ವಿ ಒತ್ತಿ ಅಂಟಿಸಿದರೆ ಬರೀ ಅಕ್ಷರಗಳು ಬರುತ್ತವೆ.

ನೋಟ್‌ಪ್ಯಾಡ್ ಮತ್ತು ಕೋಡ್ ಎಡಿಟರ್

ನೋಟ್‌ಪ್ಯಾಡಿನಲ್ಲಿ ಎರಡೇ ಕೆಲಸ. ವರ್ಡ್ ವ್ರ್ಯಾಪ್ ಹಾಕಿ, ಸಾಲು ಕಿಟಕಿಯಾಚೆ ಓಡುವುದು ನಿಲ್ಲುತ್ತದೆ. ಹಳೆಯ ವಿಂಡೋಸ್ ಇದ್ದರೆ ಸೇವ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್–8 ಎಂದು ಆರಿಸಿ. ಆನ್ಸಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಮತ್ತೆ ಮರಳಿ ಪಡೆಯಲಾಗದು. 2019ರ ನಂತರದ ವಿಂಡೋಸ್ 10ರಲ್ಲಿ ಯುಟಿಎಫ್–8 ತಾನಾಗಿಯೇ ಇರುತ್ತದೆ.

ಸುರತ್ಕಲ್ಲಿನ ಎನ್‌ಐಟಿಕೆ ಮತ್ತು ಸುತ್ತಲಿನ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ವಿಎಸ್ ಕೋಡ್ ಬಳಸುವವರು ಅದರಲ್ಲೇ ಕನ್ನಡ ಟಿಪ್ಪಣಿಯನ್ನೂ ಬರೆಯಬಹುದು. ಕಂಟ್ರೋಲ್ ಮತ್ತು ಅಲ್ಪವಿರಾಮ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ, ಮೇಲಿನ ಪೆಟ್ಟಿಗೆಯಲ್ಲಿ ಬೇಕಾದ್ದನ್ನು ಹುಡುಕಬಹುದು. ಫಾಂಟ್ ಫ್ಯಾಮಿಲಿಯಲ್ಲಿ ಮೊದಲು ಕೋಡ್‌ಗೆ ಬೇಕಾದ ಇಂಗ್ಲಿಷ್ ಫಾಂಟ್, ಅಲ್ಪವಿರಾಮ ಹಾಕಿ ಆಮೇಲೆ ನೋಟೋ ಸಾನ್ಸ್ ಕನ್ನಡ ಬರೆಯಿರಿ. ಇಂಗ್ಲಿಷ್ ಅಕ್ಷರಗಳು ಮೊದಲನೆಯದರಲ್ಲೂ ಕನ್ನಡ ಎರಡನೆಯದರಲ್ಲೂ ಮೂಡುತ್ತವೆ. ವಿಂಡೋಸ್‌ನಲ್ಲಿ 14 ಇರುವ ಫಾಂಟ್ ಸೈಜನ್ನು 16 ಅಥವಾ 17 ಮಾಡಿ, ಲೈನ್ ಹೈಟ್‌ನಲ್ಲಿ 1.6 ಹಾಕಿ. ವರ್ಡ್ ವ್ರ್ಯಾಪ್ ಆಫ್ ಇರುತ್ತದೆ, ಆನ್ ಮಾಡಿ. ಕನ್ನಡದ ಅಕ್ಷರಗಳ ಅಗಲ ಒಂದೇ ಸಮನಲ್ಲದ ಕಾರಣ ಸಾಲು ತಪ್ಪು ಜಾಗದಲ್ಲಿ ಮುರಿದರೆ ವ್ರ್ಯಾಪಿಂಗ್ ಸ್ಟ್ರಾಟಜಿಯನ್ನು ಅಡ್ವಾನ್ಸ್ಡ್ ಎಂದು ಬದಲಿಸಿ. ಆಟೋ ಸೇವ್ ಕೂಡ ಆಫ್ ಇರುತ್ತದೆ, ಆಫ್ಟರ್ ಡಿಲೇ ಆರಿಸಿ. ಕನ್ನಡ ಪದಗಳ ನಡುವೆ ಹಳದಿ ಚೌಕ ಕಂಡರೆ ಅದು ಕಾಣದ ಗುರುತಿನ ಬಗ್ಗೆ ಎಡಿಟರ್ ಕೊಡುವ ಎಚ್ಚರಿಕೆ. ಯೂನಿಕೋಡ್ ಹೈಲೈಟ್ ಎಂದು ಹುಡುಕಿ ಅದನ್ನು ಟಿಪ್ಪಣಿಯ ಫೈಲ್‌ಗಳಿಗೆ ಆಫ್ ಮಾಡಬಹುದು.

ಕಪ್ಪು ಹಿನ್ನೆಲೆ ಎಲ್ಲರಿಗೂ ಹಿತವಲ್ಲ. ಕತ್ತಲ ಕೋಣೆಯಲ್ಲಿ ಅದು ತಂಪು, ಹಗಲಿನ ಬೆಳಕಿನಲ್ಲಿ ಕನ್ನಡದ ತೆಳು ಗೆರೆಗಳು ಅದರ ಮೇಲೆ ಚದುರಿದಂತೆ ಕಾಣಬಹುದು. ಹಗಲಿಗೊಂದು, ರಾತ್ರಿಗೊಂದು ಇಟ್ಟುಕೊಳ್ಳಿ. ಯಾವ ಬಣ್ಣವಿದ್ದರೂ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಬೇಕೆಂದು ಕಣ್ಣಿನ ವೈದ್ಯರು ಹೇಳುವ ನಿಯಮ ಬಿಡಬೇಡಿ.

ಎಲ್ಲವನ್ನೂ ಟೆಂಪ್ಲೇಟಿಗೆ ಸೇರಿಸಿ

ಇಷ್ಟು ಮಾಡಿದ ಮೇಲೆ ಕೊನೆಯ ಹೆಜ್ಜೆ ತಪ್ಪಿಸಿದರೆ ಅರ್ಧ ಶ್ರಮ ನೀರುಪಾಲು. ಖಾಲಿ ಪುಟದಲ್ಲಿ ಫಾಂಟ್, ಅಂತರ, ಎ4, ಅಂಚು ಎಲ್ಲ ಸರಿಯಿದೆ ಎಂದು ನೋಡಿಕೊಂಡು, ರೈಟರಿನಲ್ಲಿ ಫೈಲ್ ಮೆನುವಿನ ಟೆಂಪ್ಲೇಟ್ಸ್‌ಗೆ ಹೋಗಿ ಸೇವ್ ಆ್ಯಸ್ ಟೆಂಪ್ಲೇಟ್ ಆರಿಸಿ, ‘ಇದೇ ಡೀಫಾಲ್ಟ್ ಟೆಂಪ್ಲೇಟ್’ ಎಂಬುದಕ್ಕೆ ಗುರುತು ಹಾಕಿ. ಇನ್ನು ಮುಂದೆ ಹೊಸ ಪುಟವೆಲ್ಲ ಇದರಿಂದಲೇ ಹುಟ್ಟುತ್ತದೆ. ವರ್ಡ್‌ನಲ್ಲಿ ಸೆಟ್ ಆ್ಯಸ್ ಡೀಫಾಲ್ಟ್ ಮಾಡಿದ್ದು ನಾರ್ಮಲ್ ಟೆಂಪ್ಲೇಟಿನಲ್ಲಿ ಉಳಿದಿರುತ್ತದೆ. ವಿಎಸ್ ಕೋಡ್‌ನಲ್ಲಿ ಸೆಟ್ಟಿಂಗ್ಸ್ ಸಿಂಕ್ ಹಾಕಿದರೆ ಬೇರೆ ಕಂಪ್ಯೂಟರಿನಲ್ಲೂ ಅದೇ ಸಿಗುತ್ತದೆ.

ಬರಹ ಅಂಗಡಿಗೋ ಇನ್ನೊಬ್ಬರಿಗೋ ಹೋಗುವಾಗ ನಿಮ್ಮ ಫಾಂಟ್ ಅಲ್ಲಿ ಇರದೆ ಪುಟ ಕೆಡಬಹುದು. ಮುದ್ರಣಕ್ಕೆ ಪಿಡಿಎಫ್ ಕೊಡಿ. ತಿದ್ದಲು ಕೊಡುವ ಫೈಲಾದರೆ ಫಾಂಟನ್ನು ಅದರೊಳಗೇ ಸೇರಿಸಿ. ರೈಟರಿನಲ್ಲಿ ಫೈಲ್ ಪ್ರಾಪರ್ಟೀಸ್‌ನ ಫಾಂಟ್ ಭಾಗ, ವರ್ಡ್‌ನಲ್ಲಿ ಆಪ್ಷನ್ಸ್‌ನ ಸೇವ್ ಭಾಗದಲ್ಲಿ ಎಂಬೆಡ್ ಫಾಂಟ್ಸ್ ಎಂಬ ಆಯ್ಕೆಯಿದೆ.

ಒಂದು ಸಂಜೆಯ ಕೆಲಸ: ಕ್ರಮ

1. ಒಂದೇ ಕನ್ನಡ ಕೀಲಿಮಣೆ ಇಟ್ಟು, ಕಿಟಕಿಗೊಂದು ಭಾಷೆ ಎಂಬ ಆಯ್ಕೆ ಹಾಕಿ.
2. ಪರೀಕ್ಷೆಯ ಪದಗಳನ್ನು ಟೈಪ್ ಮಾಡಿ, ಕಾಂಪ್ಲೆಕ್ಸ್ ಲಿಪಿಯ ಫಾಂಟ್ ಮತ್ತು ಗಾತ್ರ ಆರಿಸಿ.
3. ಸಾಲಿನ ಅಂತರ 130ರಿಂದ 150 ಶೇಕಡ, ಸ್ಟೈಲಿನಲ್ಲೇ ಬದಲಿಸಿ.
4. ಪುಟ ಎ4, ಪ್ರದೇಶ ಭಾರತ.
5. ಕೆಂಪು ಗೆರೆ ಆಫ್ ಮಾಡಿ, ಸಂಕ್ಷೇಪಗಳನ್ನು ಆಟೋಕರೆಕ್ಟ್ ಕೋಷ್ಟಕಕ್ಕೆ ಸೇರಿಸಿ.
6. ಮರುಪಡೆಯುವ ಅವಧಿ 2 ನಿಮಿಷ, ಬ್ಯಾಕಪ್ ಪ್ರತಿ ಆನ್.
7. ಟೆಂಪ್ಲೇಟ್ ಆಗಿ ಉಳಿಸಿ, ಅದರ ಒಂದು ಪ್ರತಿಯನ್ನು ನಿಮಗೇ ಇಮೇಲ್ ಮಾಡಿಕೊಳ್ಳಿ.

ಒಂದು ವಾರ ಬರೆದು ನೋಡಿ, ಆಮೇಲೆ ಹೊಂದದ್ದನ್ನು ಸ್ವಲ್ಪ ಸ್ವಲ್ಪವೇ ತಿದ್ದಿ. ನಿಮ್ಮ ಟೆಂಪ್ಲೇಟ್ ಪಕ್ವವಾಯಿತು ಎನಿಸಿದಾಗ ಅದನ್ನು ನಿಮ್ಮ ಸಂಘದ ಕಾರ್ಯದರ್ಶಿಗೆ, ಮಕ್ಕಳ ಶಾಲೆಯ ಶಿಕ್ಷಕರಿಗೆ, ಬ್ಯಾರಿಯಲ್ಲೋ ತುಳುವಿನಲ್ಲೋ ಬರೆಯುತ್ತಿರುವ ಗೆಳೆಯರಿಗೆ ಕಳುಹಿಸಿ. ನಮ್ಮ ಭಾಷೆಗಳಲ್ಲಿ ಬರೆಯುವ ಕೈಗಳು ಹೆಚ್ಚಬೇಕಾದರೆ ಬರೆಯುವ ಪುಟ ಮೊದಲು ಹಿತವಾಗಿರಬೇಕು. ಅದನ್ನು ಒಬ್ಬರು ಒಮ್ಮೆ ಹೊಂದಿಸಿ ಹಂಚಿದರೆ ಹತ್ತು ಮಂದಿಗೆ ದಾರಿ ಸುಲಭವಾಗುತ್ತದೆ.